ಸರ್ಕಾರದ ಹಣದ ಸಂಶೋಧನೆ ನಮಗೆ ಓದಲು ಸಿಗುತ್ತದಾ?

ಬೆಳೆಗಾರ, ಸೋಮವಾರಪೇಟೆ:
ಈ ಮಳೆಗಾಲ ನಮ್ಮ ತೋಟದಲ್ಲಿ 40 ಮೆಣಸಿನ ಬಳ್ಳಿ ಸೊರಗು ರೋಗಕ್ಕೆ ಹೋದವು. ಅದರ ಬಗ್ಗೆಯೇ ಒಂದು ಪ್ರಬಂಧ ಕಂಡಿತು. ಸರ್ಕಾರದ ಹಣದಲ್ಲಿ ಆದ ಕೆಲಸ. ಓದಲು 3,000 ರೂಪಾಯಿ ಕೇಳುತ್ತಿದ್ದಾರೆ. ಅದು ನಮ್ಮ ತೆರಿಗೆ ಹಣವೇ ಅಲ್ವಾ?

ಸಂಶೋಧನಾ ವಿದ್ಯಾರ್ಥಿನಿ, ಮಡಿಕೇರಿ:
ಹೌದು ಅಣ್ಣ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 2013ರಲ್ಲೇ ಮುಕ್ತ ಪ್ರವೇಶ ನೀತಿ ತಂದಿದೆ, ಅಂದರೆ ಸಂಶೋಧನೆ ಎಲ್ಲರಿಗೂ ಉಚಿತವಾಗಿ ಓದಲು ಸಿಗಬೇಕು ಅಂತ. ಪರಿಷತ್ತಿನ ಆನ್‌ಲೈನ್ ಭಂಡಾರ ಕೃಷಿಕೋಶದಲ್ಲಿ ಹುಡುಕಿ. ಸಂಶೋಧನಾ ಪತ್ರಿಕೆಯವರು ಅಚ್ಚು ಹಾಕಿದ ಪ್ರತಿಯೇ ಬೇಕೆಂದಿಲ್ಲ. ಒಪ್ಪಿಗೆಯಾದ ಕೊನೆಯ ಕರಡನ್ನು ಹೆಚ್ಚಿನ ಪತ್ರಿಕೆಗಳು ಭಂಡಾರದಲ್ಲಿಡಲು ಬಿಡುತ್ತವೆ, ಕೆಲವು ತಿಂಗಳು ಕಾಯಬೇಕಾಗಬಹುದು. ವಿಷಯ ಅದೇ, ಪುಟದ ಅಂದ ಮಾತ್ರ ಬೇರೆ. ನನ್ನದನ್ನು ಹಾಕಿದ್ದೇನೆ, ಹತ್ತು ನಿಮಿಷ ಹಿಡಿಯಿತು.

ಕಾಫಿ ತೋಟ, ಪೊನ್ನಂಪೇಟೆ:
ಲೇಖಕರಿಗೇ ಇಮೇಲ್ ಬರೆಯಿರಿ. ನನಗೆ ಒಬ್ಬರು ಮರುದಿನವೇ ಕಳಿಸಿದ್ದರು.

ಬೆಳೆಗಾರ, ಸೋಮವಾರಪೇಟೆ:
ಬರೆದೆ. ಭಂಡಾರಕ್ಕೂ ಹಾಕಿ ಎಂದು ಕೇಳಿದ್ದೇನೆ. ಪಕ್ಕದ ತೋಟದವರಿಗೂ ಬೇಕಲ್ವಾ.