ಗ್ವಾದಲಹಾರಾದಲ್ಲಿ ಐದು ತಿಂಗಳು: ಮನೆ, ಅಡುಗೆ, ಓಡಾಟ – ಇದ್ದು ಬಂದವರು ದಯವಿಟ್ಟು ಹೇಳಿ

ಪ್ರಶ್ನೆ – ಮೈಸೂರಿನಿಂದ

ನಮಸ್ಕಾರ. ನಮ್ಮ ಯಜಮಾನರಿಗೆ ಕಂಪನಿಯಿಂದ ಮೆಕ್ಸಿಕೋದ ಗ್ವಾದಲಹಾರಾಕ್ಕೆ ಐದು ತಿಂಗಳ ಡೆಪ್ಯುಟೇಶನ್ ಬಂದಿದೆ. ಜುಲೈನಲ್ಲಿ ಹೊರಡಬೇಕು. ನಾನೂ ಆರು ವರ್ಷದ ಮಗಳೂ ಜೊತೆಗೆ ಹೋಗೋಣ ಅಂತಿದ್ದೇವೆ. ನಾವು ಸಸ್ಯಾಹಾರಿಗಳು, ಮೊಟ್ಟೆಯೂ ತಿನ್ನಲ್ಲ. ಸ್ಪ್ಯಾನಿಷ್ ಒಂದಕ್ಷರ ಬರಲ್ಲ. ಆಫೀಸು ಗ್ವಾದಲಹಾರಾಕ್ಕೆ ಅಂಟಿಕೊಂಡಿರುವ ಸಪೋಪಾನ್ ಕಡೆಯಂತೆ. ಮನೆ ಎಲ್ಲಿ ಹಿಡಿಯಬೇಕು, ಏನೇನು ತೆಗೆದುಕೊಂಡು ಹೋಗಬೇಕು, ಸುದ್ದಿಯಲ್ಲಿ ಬರುವಷ್ಟು ಭಯ ಇದೆಯಾ? ಬಿಡಿಸಿ ಹೇಳಿದರೆ ಉಪಕಾರವಾಗುತ್ತೆ.

ಉತ್ತರ – ಶಿವಮೊಗ್ಗದವರು, ಕುಟುಂಬ ಸಮೇತ ಅಲ್ಲಿದ್ದವರು

ಮೇಡಂ, ಮನೆ ಸರಿಯಾದ ಜಾಗದಲ್ಲಿ ಸಿಕ್ಕಿಬಿಟ್ಟರೆ ಉಳಿದ ಪ್ರಶ್ನೆಗಳು ಅರ್ಧ ಬಗೆಹರಿದ ಹಾಗೆ. ಆಫೀಸಿನವರು ಸಾಮಾನ್ಯವಾಗಿ ಸಪೋಪಾನಿನ ಹೊರವಲಯದ ‘ಕೊತೊ’ಗಳನ್ನು ತೋರಿಸುತ್ತಾರೆ. ಗೇಟು, ಕಾವಲುಗಾರ, ಒಳಗೊಂದು ಪಾರ್ಕು ಎಲ್ಲಾ ಇರುತ್ತೆ. ಯಜಮಾನರಿಗೆ ಆಫೀಸೂ ಹತ್ತಿರ. ಆದರೆ ಒಂದು ಕಟ್ಟು ಕೊತ್ತಂಬರಿಗೂ ಗಾಡಿ ಕರೆಸಬೇಕು. ಹಗಲೆಲ್ಲಾ ಆ ಮನೆಯಲ್ಲಿ ಇರಬೇಕಾದವರು ನೀವು ಮತ್ತು ಮಗು. ಐದು ತಿಂಗಳು ಗೇಟಿನೊಳಗೇ ಕಳೆದು, ಊರನ್ನೇ ನೋಡದೆ ವಾಪಸ್ ಬಂದವರನ್ನು ಕಂಡಿದ್ದೇನೆ. ನನಗೆ ಅವರ ಬಗ್ಗೆ ನಿಜವಾಗಿ ಬೇಸರವಾಗುತ್ತೆ.

ಹಾಗಾಗಿ ತರಕಾರಿ ಅಂಗಡಿ, ತೊರ್ತಿಯಾ (ಮೆಕ್ಕೆಜೋಳದ ರೊಟ್ಟಿ) ಅಂಗಡಿ, ಪಾರ್ಕು ನಡಿಗೆಯ ದೂರದಲ್ಲಿರುವ ಹಳೆಯ ಬಡಾವಣೆ ನೋಡಿ. ನನ್ನ ಮೊದಲ ಆಯ್ಕೆ ಚಪಲಿತಾ. ಮರಗಳಿವೆ, ಅಗಲವಾದ ಫುಟ್‌ಪಾತ್ ಇದೆ, ನಡುವಿನ ವೃತ್ತದಲ್ಲಿ ಭಾನುವಾರ ಚಿತ್ರಕಾರರು ಸಾಲಾಗಿ ಕೂತಿರುತ್ತಾರೆ. ಪ್ರೊವಿದೆನ್ಸಿಯಾ ಕೂಡ ಒಳ್ಳೆಯದು, ಸ್ವಲ್ಪ ದುಬಾರಿ. ಕೊಲೊನಿಯಾ ಅಮೆರಿಕಾನಾದಲ್ಲಿ ಕೆಫೆ, ಬಾರು ಜಾಸ್ತಿ. ವಾರಾಂತ್ಯದ ರಾತ್ರಿ ಗದ್ದಲ ಇರುವುದರಿಂದ ಮಗು ಇರುವವರಿಗೆ ಹೇಳಲಾರೆ. ಸಂತೆ-ಪೇಟೆಯ ಕಳೆ ಬೇಕಿದ್ದರೆ ಸಾಂತಾ ತೆರೆ ನೋಡಿ.

ಕರಾರಿನ ವಿಷಯ. ವರ್ಷದ ಬಾಡಿಗೆಗೆ ಅಲ್ಲಿ ‘ಅವಾಲ್’ ಕೇಳುತ್ತಾರೆ, ಅಂದರೆ ಸಾಮಾನ್ಯವಾಗಿ ಆ ಊರಲ್ಲೇ ಸ್ವಂತ ಆಸ್ತಿ ಇರುವ ಜಾಮೀನುದಾರ. ನಮಗೆ ಅಂಥವರು ಎಲ್ಲಿ ಸಿಗಬೇಕು? ಸಾಮಾನು ಸಮೇತ ತಿಂಗಳ ಲೆಕ್ಕದಲ್ಲಿ ಕೊಡುವ ಮನೆಗಳಿಗೆ ಇದು ಸಾಮಾನ್ಯವಾಗಿ ಬೇಕಾಗಲ್ಲ. ಇಲ್ಲದಿದ್ದರೆ ಕಂಪನಿಯ ಹೆಸರಿನಲ್ಲೇ ಕರಾರು ಮಾಡಿಸಿ. ಮೊದಲ ಎರಡು ವಾರ ಹೋಟೆಲ್ ಕೇಳಿ, ಮನೆಯನ್ನು ಕಣ್ಣಾರೆ ನೋಡಿ, ನಲ್ಲಿ ತಿರುಗಿಸಿ ನೋಡಿದ ಮೇಲೆ ಮುಂಗಡ ಕೊಡಿ. ಅಲ್ಲಿನ ಹಣ ಪೆಸೊಗೂ ಡಾಲರ್ ಚಿಹ್ನೆಯನ್ನೇ ಬರೆಯುತ್ತಾರೆ, ಬೆಲೆ ನೋಡಿ ಗಾಬರಿಯಾಗಬೇಡಿ. ಎಟಿಎಂ ‘ನಿಮ್ಮ ದೇಶದ ಹಣಕ್ಕೆ ಪರಿವರ್ತಿಸಲೇ’ ಅಂತ ಕೇಳಿದರೆ ಬೇಡ ಅನ್ನಿ, ಆ ದರದಲ್ಲಿ ನಷ್ಟ.

ನಲ್ಲಿ ನೀರು ಕುಡಿಯುವ ಹಾಗಿಲ್ಲ. ಇಪ್ಪತ್ತು ಲೀಟರಿನ ಕ್ಯಾನ್ ಮನೆಗೇ ಬರುತ್ತೆ. ಹವೆ ಬಗ್ಗೆ ಚಿಂತೆ ಬೇಡ. ಊರು ಸುಮಾರು 1,550 ಮೀಟರ್ ಎತ್ತರದಲ್ಲಿದೆ. ಜುಲೈ ಅಂದರೆ ಮಳೆಗಾಲ. ಬೆಳಿಗ್ಗೆ ಚೆನ್ನಾಗಿ ಬಿಸಿಲು, ಸಂಜೆ ಗುಡುಗು ಸಮೇತ ಜೋರು ಮಳೆ, ಕೆಳಸೇತುವೆಗಳಲ್ಲಿ ನೀರು ನಿಲ್ಲುತ್ತೆ. ಡಿಸೆಂಬರಿನ ರಾತ್ರಿ ಚಳಿಗೆ ಎಲ್ಲರಿಗೂ ಒಂದೊಂದು ಸ್ವೆಟರ್ ಇರಲಿ, ಮನೆಗಳಲ್ಲಿ ಹೀಟರ್ ಇರಲ್ಲ.

ಉತ್ತರ – ಉಡುಪಿಯವರು

ಅಡುಗೆ ನನ್ನ ಪಾಲಿಗಿರಲಿ. ಮೊದಲು ಒಂದು ಮಾತು: ಇಲ್ಲಿಂದ ಮಿಕ್ಸಿ ಒಯ್ಯಬೇಡಿ. ಅಲ್ಲಿ ಕರೆಂಟು 127 ವೋಲ್ಟ್, ನಮ್ಮ 230 ವೋಲ್ಟಿನ ಮೋಟರು ಸರಿಯಾಗಿ ತಿರುಗುವುದೇ ಇಲ್ಲ. ಇಂಡಕ್ಷನ್, ರೈಸ್ ಕುಕ್ಕರ್ ಕೂಡ ಅಷ್ಟೇ. ಫೋನು, ಲ್ಯಾಪ್‌ಟಾಪ್ ಚಾರ್ಜರಿಗೆ ತೊಂದರೆ ಇಲ್ಲ, ಚಪ್ಪಟೆ ಪಿನ್ನಿನ ಅಡಾಪ್ಟರ್ ಸಾಕು. ಅಲ್ಲಿ ಮನೆಮನೆಯಲ್ಲೂ ಸಾಲ್ಸಾ ಅರೆಯುವುದರಿಂದ ಬ್ಲೆಂಡರ್ ಎಲ್ಲೆಡೆ ಸಿಗುತ್ತದೆ, ಚಟ್ನಿಗೂ ದೋಸೆ ಹಿಟ್ಟಿಗೂ ಅದೇ ಆಯಿತು. ಸಣ್ಣ ಪ್ರೆಶರ್ ಕುಕ್ಕರ್ ಮಾತ್ರ ಇಲ್ಲಿಂದಲೇ ತೆಗೆದುಕೊಂಡು ಹೋಗಿ, ಒಲೆ ಹೆಚ್ಚಾಗಿ ಗ್ಯಾಸಿನದ್ದೇ.

ವಾರಕ್ಕೊಮ್ಮೆ ಬೀದಿಯಲ್ಲೇ ಸಂತೆ ಕೂರುತ್ತದೆ, ‘ತ್ಯಾಂಗಿಸ್’ ಅಂತಾರೆ. ಅಲ್ಲಿ ಹೋದರೆ ನಿಮಗೆ ಪರದೇಶ ಅನ್ನಿಸುವುದಿಲ್ಲ. ಸೀಮೆಬದನೆ, ಕುಂಬಳ, ಗೆಣಸು, ಸೀಬೆ, ಪಪ್ಪಾಯಿ, ಹುಣಸೆಹಣ್ಣು, ತೆಂಗಿನಕಾಯಿ, ಕಟ್ಟುಗಟ್ಟಲೆ ಕೊತ್ತಂಬರಿ. ಇವುಗಳಲ್ಲಿ ಸೀಮೆಬದನೆ, ಸೀಬೆಯಂಥ ಎಷ್ಟೋ ಆ ಕಡೆಯಿಂದಲೇ ನಮ್ಮಲ್ಲಿಗೆ ಬಂದವು. ಮಳೆಗಾಲದಲ್ಲಿ ಗೋಣಿಸೊಪ್ಪು ರಾಶಿ ಹಾಕಿರುತ್ತಾರೆ, ಹೆಸರು ‘ವೆರ್ದೊಲಾಗಾಸ್’. ಬೇಳೆ ಹಾಕಿ ಹುಳಿ ಮಾಡಿದರೆ ಊರಿನದೇ ರುಚಿ. ಹಸಿಮೆಣಸಿಗೆ ಸೆರಾನೊ, ಒಣಮೆಣಸಿಗೆ ‘ಚಿಲೆ ದೆ ಆರ್ಬೊಲ್’. ಎರಡನೆಯದು ತುಂಬ ಖಾರ, ಬ್ಯಾಡಗಿಯ ಲೆಕ್ಕದಲ್ಲಿ ಹಾಕಬೇಡಿ. ಪನೀರಿನ ಬದಲು ‘ಕೇಸೊ ಪನೇಲಾ’ ನಡೆಯುತ್ತದೆ. ಕಡಲೆಕಾಳು, ಮಸೂರು ಸಿಗುತ್ತದೆ. ತೊಗರಿ, ಉದ್ದು, ಕರಿಬೇವು ಮಾತ್ರ ಸಾಮಾನ್ಯ ಅಂಗಡಿಯಲ್ಲಿ ಕಾಣಲಾರಿರಿ. ಮಗುವಿಗೆ ರಾಜಗಿರಿ ಚಿಕ್ಕಿ ಕೊಡಿಸಿ, ‘ಅಲೆಗ್ರಿಯಾ’ ಅಂತ ಬೀದಿಬೀದಿಯಲ್ಲಿ ಮಾರುತ್ತಾರೆ.

ಸಾಂಬಾರು ಪುಡಿ, ರಸಂ ಪುಡಿ, ಇಂಗು ಕಂಪನಿ ಪ್ಯಾಕೆಟ್‌ನಲ್ಲೇ ಇರಲಿ. ವಿಮಾನ ನಿಲ್ದಾಣದಲ್ಲಿ ಬೀಜ, ಕಾಳು, ಹಣ್ಣು, ಹಾಲಿನ ಪದಾರ್ಥಗಳ ತಪಾಸಣೆ ಬಿಗಿಯಾಗಿದೆ. ಇರುವುದನ್ನೆಲ್ಲ ಫಾರ್ಮಿನಲ್ಲಿ ಬರೆದುಬಿಡಿ.

ಹೊರಗೆ ತಿನ್ನುವಾಗ ಎಚ್ಚರ. ‘ಕಾರ್ನೆ (ಮಾಂಸ) ಇಲ್ಲ’ ಅಂದರೆ ದನ-ಹಂದಿ ಇಲ್ಲ ಅಂದುಕೊಂಡು ಕೋಳಿ ಹಾಕಿ ಕೊಡುವವರಿದ್ದಾರೆ. ಕೆಟ್ಟ ಮನಸ್ಸಿನಿಂದಲ್ಲ, ಅಲ್ಲಿನ ರೂಢಿಯೇ ಹಾಗೆ. ಪೂರ್ತಿ ಹೇಳಿ: ‘ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಹ್ವೆವೊ, ಸಿನ್ ಮಾಂತೆಕಾ’. ಸಿನ್ ಅಂದರೆ ಇಲ್ಲದೆ, ಪೋಯೊ ಕೋಳಿ, ಹ್ವೆವೊ ಮೊಟ್ಟೆ, ಮಾಂತೆಕಾ ಅಂದರೆ ಹಂದಿ ಕೊಬ್ಬು. ಬೇಯಿಸಿದ ರಾಜ್ಮಾದಂಥ ಕಾಳಿನ ಪಲ್ಯದಲ್ಲೂ ತಮಾಲೆಯ (ಮೆಕ್ಕೆಜೋಳದ ಕಡುಬು) ಹಿಟ್ಟಿನಲ್ಲೂ ಇರುತ್ತದೆ. ಅನ್ನವನ್ನು ಕೋಳಿ ಸಾರಿನಲ್ಲಿ ಬೇಯಿಸುವುದೂ ಸಾಮಾನ್ಯ. ಬಣ್ಣಬಣ್ಣದ ಜೆಲ್ಲಿ ಕಂಡು ಮಗು ಹಟ ಮಾಡಬಹುದು, ಅದು ಪ್ರಾಣಿಜನ್ಯ. ಕೆಲವು ಮೊಸರಿನಲ್ಲೂ ಅದನ್ನೇ ಹಾಕುತ್ತಾರೆ, ಲೇಬಲ್‌ನಲ್ಲಿ ‘ಗ್ರೆನೆತಿನಾ’ ಅಂತಿದ್ದರೆ ಬಿಡಿ. ಜೋಳದ ತೊರ್ತಿಯಾ ಮಾತ್ರ ನಿಶ್ಚಿಂತೆಯಿಂದ ತಿನ್ನಬಹುದು. ಮೆಕ್ಕೆಜೋಳ, ಸುಣ್ಣ, ನೀರು, ಅಷ್ಟೇ. ಬೀದಿ ಕೊನೆಯ ಅಂಗಡಿಯಲ್ಲಿ ಬಿಸಿಬಿಸಿಯಾಗಿ ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ತುಪ್ಪ, ಚಟ್ನಿಪುಡಿ ಜೊತೆ ನಮ್ಮ ಮಕ್ಕಳು ಅದನ್ನೇ ಕೇಳುತ್ತಿದ್ದರು.

ಉತ್ತರ – ಬೆಂಗಳೂರಿನವರು

ಕಾಗದಪತ್ರದ ಬಗ್ಗೆ ಯಾರೂ ಹೇಳಿಲ್ಲ. ಚಾಲ್ತಿಯಲ್ಲಿರುವ ಅಮೆರಿಕ ವೀಸಾ ಇದ್ದವರು ಮೆಕ್ಸಿಕೋ ವೀಸಾ ಇಲ್ಲದೆಯೇ ಸಂದರ್ಶಕರಾಗಿ ಹೋಗಬಹುದು. ಗರಿಷ್ಠ 180 ದಿನ. ಆದರೆ ಎಷ್ಟು ದಿನ ಕೊಡಬೇಕೆಂದು ಅಧಿಕಾರಿ ತೀರ್ಮಾನಿಸುತ್ತಾರೆ, 180 ಸಿಕ್ಕೇ ಸಿಗುತ್ತೆ ಅಂತಿಲ್ಲ. ಮನೆ ಕರಾರು, ವಾಪಸ್ ಟಿಕೆಟ್ ಕೈಯಲ್ಲಿರಲಿ. ಅಲ್ಲಿನ ಸಂಸ್ಥೆಯಿಂದ ಸಂಬಳ ಬರುವುದಾದರೆ ಈ ದಾರಿ ಆಗಲ್ಲ. ಆಗ ಕಂಪನಿಯೇ ಕೆಲಸಕ್ಕೆ ಅನುಮತಿ ಇರುವ ವೀಸಾ ಮಾಡಿಸಬೇಕು, ಅದು ತಾತ್ಕಾಲಿಕ ನಿವಾಸದ್ದಾದರೆ ಅಲ್ಲಿ ಇಳಿದು 30 ದಿನದೊಳಗೆ ನಿವಾಸಿ ಕಾರ್ಡಿಗೆ ಅರ್ಜಿ ಕೊಡಬೇಕು. ನಿಮ್ಮದು ಯಾವುದು ಅಂತ ಎಚ್‌ಆರ್ ಹತ್ತಿರ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಅಲ್ಲಿನ ಫಾರ್ಮುಗಳಲ್ಲಿ ತಂದೆಯ ಕಡೆಯ ಅಡ್ಡಹೆಸರು, ತಾಯಿಯ ಕಡೆಯ ಅಡ್ಡಹೆಸರು ಎರಡೂ ಕೇಳುತ್ತಾರೆ. ನಮ್ಮ ಕಡೆಯವರಿಗೆ ಇನಿಶಿಯಲ್ ಬಿಟ್ಟರೆ ಅಡ್ಡಹೆಸರೇ ಇರಲ್ಲ. ಮೊದಲ ಫಾರ್ಮಿನಲ್ಲಿ ಪಾಸ್‌ಪೋರ್ಟಿನಂತೆ ಹೇಗೆ ಬರೆಯುತ್ತೀರೋ ಎಲ್ಲಾ ಕಡೆ ಅದನ್ನೇ ಬರೆಯಿರಿ.

ಔಷಧಿ ಚೀಟಿಯಲ್ಲಿ ಜೆನೆರಿಕ್ ಹೆಸರಿರಲಿ. ಸ್ಯೂಡೋಎಫೆಡ್ರಿನ್ ಇರುವ ನೆಗಡಿ ಮಾತ್ರೆಗೆ ಮೆಕ್ಸಿಕೋದಲ್ಲಿ ನಿಷೇಧವಿದೆ, ಅದನ್ನು ಇಲ್ಲೇ ಬಿಟ್ಟು ಹೋಗಿ.

ಉತ್ತರ – ಹುಬ್ಬಳ್ಳಿಯವರು

ಶಿವಮೊಗ್ಗದ ಸರ್ ಹೇಳಿದ್ದನ್ನು ಪೂರ್ತಿ ಒಪ್ಪುವುದಿಲ್ಲ. ಭಾಷೆ ಬಾರದೆ, ಮಗು ಕಟ್ಟಿಕೊಂಡು ಹೋಗುವವರಿಗೆ ಮೊದಲ ಒಂದು ತಿಂಗಳು ಕೊತೊ ಒಳ್ಳೆಯದು. ಮಕ್ಕಳಿಗೆ ಆಡಲು ಜೊತೆ ಸಿಗುತ್ತಾರೆ, ಅಕ್ಕಪಕ್ಕದವರ ಪರಿಚಯ ಆಗುತ್ತದೆ. ಆಮೇಲೆ ಬೇಕಾದರೆ ಬದಲಾಯಿಸಿ.

ಭಯದ ಪ್ರಶ್ನೆಗೆ ನೇರವಾಗಿ ಹೇಳುತ್ತೇನೆ. ಹಗಲು, ನೀವು ಓಡಾಡುವ ಬಡಾವಣೆಗಳಲ್ಲಿ ಬದುಕು ಮಾಮೂಲಿ. ರಾತ್ರಿ ಬೀದಿಯಲ್ಲಿ ಕೈತೋರಿಸಿ ಟ್ಯಾಕ್ಸಿ ಹತ್ತಬೇಡಿ, ಆ್ಯಪ್‌ನಲ್ಲೇ ಕರೆಸಿ. ಕತ್ತಲಾದ ಮೇಲೆ ಹೆದ್ದಾರಿ ಪ್ರಯಾಣ ಬೇಡವೇ ಬೇಡ. ಗಲಾಟೆಯಾದ ದಿನ ರಸ್ತೆಗೆ ವಾಹನ ಅಡ್ಡಹಾಕಿ ಬೆಂಕಿ ಹಚ್ಚಿದ್ದು ಆ ರಾಜ್ಯದಲ್ಲಿ ನಡೆದಿದೆ. ಅಂಥ ಹೊತ್ತಿನಲ್ಲಿ ನೆರೆಯವರು ಹೇಳಿದ ಹಾಗೆ ಮನೆಯಲ್ಲಿರಿ. ಊರ ನಡುವಿನ ನಿನ್ಯೋಸ್ ಎರೋಯೆಸ್ ವೃತ್ತದಲ್ಲಿ ಕಾಣೆಯಾದವರ ಫೋಟೋಗಳನ್ನು ಮನೆಯವರು ಅಂಟಿಸಿದ್ದಾರೆ. ಗ್ವಾದಲಹಾರಾ ಇರುವ ಹಾಲಿಸ್ಕೊ ರಾಜ್ಯದಲ್ಲಿ ಸಾವಿರಾರು ಮನೆಗಳಿಗೆ ಈ ನೋವು ತಟ್ಟಿದೆ. ನಮ್ಮಂಥ ನಾಲ್ಕು ದಿನದ ಅತಿಥಿಗಳನ್ನು ಅಷ್ಟು ಅಕ್ಕರೆಯಿಂದ ನೋಡಿಕೊಂಡ ಜನ ಇಂಥದ್ದನ್ನು ಹೊತ್ತು ಬದುಕುತ್ತಿದ್ದಾರೆ. ಅಲ್ಲಿ ಫೋಟೋ ತೆಗೆಯುವುದು ಬೇಡ.

ಮತ್ತೆ ಪ್ರಶ್ನೆ – ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ಮಗಳಿಗೆ ಶಾಲೆ? ಅಜ್ಜಿ-ತಾತನ ಜೊತೆ ದಿನಾ ಮಾತಾಡದೆ ಅವಳು ಇರಲ್ಲ.

ಉತ್ತರ – ಶಿವಮೊಗ್ಗದವರು

ಐದು ತಿಂಗಳಿಗೆ ಶಾಲೆ ಹುಡುಕಬೇಡಿ ಮೇಡಂ. ಇಲ್ಲಿನ ಪಠ್ಯ ಮನೆಯಲ್ಲೇ ಓದಿಸಿ, ಸಂಜೆ ಈಜೋ ಚಿತ್ರಕಲೆಯೋ ಯಾವುದಾದರೂ ತರಗತಿಗೆ ಸೇರಿಸಿ. ಮಕ್ಕಳು ಭಾಷೆ ಕಲಿಯುವುದು ಅಲ್ಲಿ. ಅಲ್ಲಿಗೂ ಇಲ್ಲಿಗೂ ಹನ್ನೊಂದೂವರೆ ಗಂಟೆ ಅಂತರ. 2022ರಿಂದ ಬೇಸಿಗೆಗೆ ಗಡಿಯಾರ ಬದಲಿಸುವುದನ್ನೂ ನಿಲ್ಲಿಸಿದ್ದಾರೆ, ಹಾಗಾಗಿ ಲೆಕ್ಕ ತಪ್ಪಲ್ಲ. ಅಲ್ಲಿ ಬೆಳಿಗ್ಗೆ ಎಂಟು ಅಂದರೆ ಮೈಸೂರಿನಲ್ಲಿ ಸಂಜೆ ಏಳೂವರೆ. ಅವಳು ತಿಂಡಿ ತಿನ್ನುತ್ತಾ ಮಾತಾಡಲಿ.

ಭಾನುವಾರ ಬೆಳಿಗ್ಗೆ ದೊಡ್ಡ ರಸ್ತೆಗಳನ್ನು ವಾಹನಗಳಿಗೆ ಮುಚ್ಚಿ ಸೈಕಲ್‌ಗೆ ಬಿಡುತ್ತಾರೆ, ಅವಳನ್ನು ಕರೆದುಕೊಂಡು ಹೋಗಿ. ಕಬಾನ್ಯಾಸ್ ಮ್ಯೂಸಿಯಂನಲ್ಲಿ ಮೆಕ್ಸಿಕೋದ ಚಿತ್ರಕಾರ ಒರೊಸ್ಕೊ ಬರೆದ ಭಿತ್ತಿಚಿತ್ರಗಳನ್ನು ನೀವಿಬ್ಬರೂ ನೋಡಿ. ಅಕ್ಟೋಬರ್ 12ರಂದು ಸಪೋಪಾನಿನ ಮಾತೆಯ (ಮೇರಿ ಮಾತೆಯ ವಿಗ್ರಹ) ಮೆರವಣಿಗೆ, ಲಕ್ಷಾಂತರ ಜನ ಸೇರುತ್ತಾರೆ. ಆ ದಿನ ಮಗುವಿನ ಕೈ ಬಿಡಬೇಡಿ.

ಉತ್ತರ – ಉಡುಪಿಯವರು

ನವೆಂಬರ್ 1, 2ರಂದು, ತೀರಿಹೋದವರನ್ನು ನೆನೆಯುವ ಹಬ್ಬಕ್ಕೆ, ಪಕ್ಕದ ತ್ಲಾಕೆಪಾಕೆಗೆ ಹೋಗಿ. ಪಿತೃಪಕ್ಷದಲ್ಲಿ ನಾವು ಎಡೆ ಇಡುವ ಹಾಗೆ ಅಲ್ಲಿ ತೀರಿಹೋದವರ ಫೋಟೋ ಮುಂದೆ ಅವರಿಗೆ ಇಷ್ಟವಾದ ತಿನಿಸು, ದೀಪ, ಚೆಂಡುಹೂವು ಇಟ್ಟಿರುತ್ತಾರೆ. ಮನೆಯವರು ಒಳಗೆ ಕರೆದರೆ ಹೋಗಿ ಎರಡು ನಿಮಿಷ ನಿಂತು ಬನ್ನಿ.

ಇನ್ನೊಂದು, ನವೆಂಬರ್ ಕೊನೆಯಲ್ಲಿ ಗ್ವಾದಲಹಾರಾದ ಪುಸ್ತಕ ಮೇಳ. 1987ರಿಂದ ನಡೆಯುತ್ತಿದೆ, 2019ರಲ್ಲಿ ಭಾರತ ಗೌರವ ಅತಿಥಿ ದೇಶವಾಗಿತ್ತು. ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ, ಕಥೆ ಹೇಳುತ್ತಾರೆ, ಚಿತ್ರ ಮಾಡಿಸುತ್ತಾರೆ. ನೀವು ಜುಲೈನಲ್ಲಿ ಹೋಗುವುದಾದರೆ ಅಷ್ಟರಲ್ಲಿ ಮಗಳಿಗೆ ಕಥೆ ಅರ್ಥವಾಗುವಷ್ಟು ಸ್ಪ್ಯಾನಿಷ್ ಬಂದಿರುತ್ತದೆ. ವಾರದ ದಿನ ಹೋಗಿ, ಶನಿವಾರ-ಭಾನುವಾರ ವಿಪರೀತ ನೂಕುನುಗ್ಗಲು.