ಕಂಪ್ಲೇಂಟ್ ನೋಡುವ ಕೆಲಸದಿಂದ ಮಕ್ಕಳ ಆನ್‌ಲೈನ್ ಸುರಕ್ಷತೆಯ ಪಾಲಿಸಿ ಕಡೆಗೆ ಹೋಗಬಹುದಾ?

ಗುಬ್ಬಿಯವಳು

ನಮ್ಮದು ತುಮಕೂರು ಜಿಲ್ಲೆ, ಗುಬ್ಬಿ ತಾಲ್ಲೂಕು. ಬಿಇ ಮುಗಿಸಿ ನಾಲ್ಕು ವರ್ಷದಿಂದ ಬೆಂಗಳೂರಿನ ಒಂದು ಆ್ಯಪ್ ಕಂಪನಿಯಲ್ಲಿ ಕಂಪ್ಲೇಂಟ್ ನೋಡುವ ಟೀಮಿನಲ್ಲಿದ್ದೇನೆ. ಕನ್ನಡದ್ದು, ತೆಲುಗಿನದ್ದು ಎಲ್ಲ ನನಗೇ ಬರುತ್ತವೆ.

ಹೋದ ವರ್ಷ ಒಂದು ಹುಡುಗಿ ಬರೆದಿದ್ದಳು, "ಅಕ್ಕ ನನ್ ಫೋಟೋ ತೆಗೀರಿ, ಅಪ್ಪ ನೋಡಿದ್ರೆ ಸ್ಕೂಲ್ ಬಿಡಿಸ್ತಾರೆ" ಅಂತ. ಲಿಂಕ್ ಹಾಕಿರಲಿಲ್ಲ, ಬರೀ ಸ್ಕ್ರೀನ್‌ಶಾಟ್. ಲಿಂಕ್ ಇಲ್ಲ ಅಂದರೆ ನಮ್ಮ ಸಿಸ್ಟಮ್ ತಾನಾಗಿಯೇ ಕಂಪ್ಲೇಂಟ್ ಮುಚ್ಚಿಬಿಡುತ್ತದೆ. ನಾನು ಅದನ್ನು ಮತ್ತೆ ತೆರೆದು, ಹುಡುಕಿ ತೆಗೆಸುವಷ್ಟರಲ್ಲಿ ಮೂರು ದಿನ ಆಗಿತ್ತು. ಆ ಮೂರು ದಿನ ಆ ಮಗು ಹೇಗಿತ್ತೋ ಅನ್ನೋದು ಇವತ್ತಿಗೂ ತಲೆಯಿಂದ ಹೋಗಿಲ್ಲ. ಇಂಥ ನಿಯಮಗಳನ್ನು ಬರೆಯುವ ಜಾಗಕ್ಕೇ ಹೋಗಬೇಕು ಅನಿಸಿದೆ.

ವಯಸ್ಸು 27. ಲಾ ಓದಲೇಬೇಕಾ? ದೆಹಲಿಗೆ ಹೋಗಬೇಕಾ? ಕಂಪನಿ ಒಳಗೆ ಇರೋದು ಒಳ್ಳೆಯದಾ, ಸ್ವಯಂಸೇವಾ ಸಂಸ್ಥೆ ಕಡೆ ಹೋಗೋದಾ? ಅಪ್ಪ ಸುಮ್ನೆ ಕೆಎಎಸ್ ಬರಿ ಅಂತಾರೆ.

ಚಿಂತಾಮಣಿ ಹುಡುಗ

ಆರು ವರ್ಷದಿಂದ ಈ ಪಾಲಿಸಿ ಕೆಲಸದಲ್ಲೇ ಇದ್ದೇನೆ, ಕಂಪನಿ ಕಡೆಯಿಂದ. ನಾನು ಓದಿದ್ದು ಬಿಕಾಂ. ಲಾ ಇದ್ದರೆ ಅನುಕೂಲ, ಆದರೆ ಅದಿಲ್ಲದೆಯೂ ಜನ ಬರುತ್ತಾರೆ.

2021ರ ಐಟಿ ನಿಯಮಗಳು ಬಂದಾಗ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ಸೋಷಿಯಲ್ ಮೀಡಿಯಾ ಕಂಪನಿಗಳು ಇಲ್ಲೇ ಕುಂದುಕೊರತೆ ಅಧಿಕಾರಿ, ಪೊಲೀಸರ ಜೊತೆ ಸಂಪರ್ಕದಲ್ಲಿರುವ ನೋಡಲ್ ಅಧಿಕಾರಿ ಇಟ್ಟುಕೊಳ್ಳಲೇಬೇಕು ಅಂತಾಯ್ತು. ಅವರ ಹಿಂದೆ ಕೂತು ಕೆಲಸ ಮಾಡುವವರೂ ಬೇಕಲ್ವಾ? ನಿಮ್ಮ ಅನುಭವ ನೇರವಾಗಿ ಅಲ್ಲಿಗೆ ಹೊಂದುತ್ತದೆ.

ದಿನದ ಕೆಲಸ ಅಂದರೆ ಹೆಚ್ಚಾಗಿ ಓದು. ಸರ್ಕಾರದ ಕರಡು ಬರುತ್ತದೆ, ಅದರಿಂದ ಆ್ಯಪಿನಲ್ಲಿ ಏನು ಬದಲಾಗಬೇಕು ಅಂತ ಎಂಜಿನಿಯರುಗಳ ಜೊತೆ ಕೂತು ನೋಡಬೇಕು, ಆಮೇಲೆ ಎರಡು ಪುಟದಲ್ಲಿ ಅಧಿಕಾರಿಗಳಿಗೆ ಅರ್ಥವಾಗುವ ಹಾಗೆ ಬರೆಯಬೇಕು. 2023ರ ಡೇಟಾ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ತಗೊಳ್ಳಿ. 18 ತುಂಬದವರ ಮಾಹಿತಿ ಬಳಸಬೇಕಾದರೆ ತಂದೆ ತಾಯಿಯ ಒಪ್ಪಿಗೆ ಬೇಕು, ಅದು ಪರಿಶೀಲಿಸಬಹುದಾದ ಒಪ್ಪಿಗೆ ಆಗಿರಬೇಕು. ತಪ್ಪಿದರೆ ದಂಡ 200 ಕೋಟಿವರೆಗೆ. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮೂರಲ್ಲಿ ಮನೆಗೆ ಒಂದೇ ಫೋನು, ನಂಬರ್ ಅಪ್ಪಂದು, ಫೋನ್ ಮಗನ ಕೈಯಲ್ಲಿ. ಒಟಿಪಿ ಬರೋದೂ ಅದಕ್ಕೇ, ಓದಿ ಒತ್ತೋದೂ ಆ ಹುಡುಗನೇ. ಒಪ್ಪಿಗೆ ಕೊಟ್ಟವರು ಯಾರು? ಈ ಪ್ರಶ್ನೆಯನ್ನು ಆ ಮೀಟಿಂಗುಗಳಲ್ಲಿ ಕೇಳುವವರು ತೀರಾ ಕಮ್ಮಿ.

ಓದಬೇಕು ಅಂದರೆ ಬೆಂಗಳೂರಿನಲ್ಲಿ ಪಾಲಿಸಿ ಕಲಿಸುವ ತಕ್ಷಶಿಲಾ ಸಂಸ್ಥೆಯಲ್ಲಿ ಕೆಲಸ ಬಿಡದೆ ಆನ್‌ಲೈನಲ್ಲಿ ಮಾಡುವ ಕೋರ್ಸ್ ಇದೆ. ನ್ಯಾಷನಲ್ ಲಾ ಸ್ಕೂಲಿನ ಪಬ್ಲಿಕ್ ಪಾಲಿಸಿ ಮಾಸ್ಟರ್ಸ್ ಎರಡು ವರ್ಷದ್ದು, ಕೆಲಸ ಬಿಡಬೇಕಾಗುತ್ತದೆ. ಸಂಸದರ ಜೊತೆ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್ 25 ದಾಟಿದವರಿಗೆ ಇಲ್ಲ.

ಮುಳಬಾಗಿಲು ಸೀಮೆ

ನಾನು ಕೋಲಾರ ಜಿಲ್ಲೆಯಲ್ಲಿ ಮಕ್ಕಳ ರಕ್ಷಣೆ ಕೆಲಸ ಮಾಡುವವಳು. ಕೋರ್ಸಿಗಿಂತ ಮೊದಲು ಒಂದು ಮಕ್ಕಳ ಗ್ರಾಮ ಸಭೆಗೆ ಹೋಗಿ ಕೂತ್ಕೊಳ್ಳಿ ತಂಗಿ. ವರ್ಷಕ್ಕೊಮ್ಮೆ ಪಂಚಾಯ್ತಿಗಳಲ್ಲಿ ನಡೆಯುತ್ತದೆ. ಮೊದಲೆಲ್ಲ ಶೌಚಾಲಯ, ಬಸ್ಸು, ಕಾಂಪೌಂಡು ಅಂತಲೇ ಕೇಳುತ್ತಿದ್ದರು. ಈಚೆಗೆ ಒಂದು ಸಭೆಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿ ಎದ್ದು ನಿಂತು, ಮೈಕ್ ಬೇಡ ಅಂತ ಪಕ್ಕಕ್ಕಿಟ್ಟು, "ಫೋಟೋ ಇಟ್ಕೊಂಡು ಹೆದರಿಸಿದ್ರೆ ಯಾರಿಗೆ ಹೇಳ್ಬೇಕು" ಅಂದಳು. ಪಿಡಿಒ ನನ್ನ ಮುಖ ನೋಡಿದರು. ಊರಿನ ಹೆಸರು ಇಲ್ಲಿ ಬರೆಯಲ್ಲ.

ಮಕ್ಕಳ ಸಹಾಯವಾಣಿ 1098, ಸೈಬರ್ ಅಪರಾಧದ ಸಹಾಯವಾಣಿ 1930, ಎರಡೂ ನಂಬರ್ ಬೋರ್ಡಿನ ಮೇಲೆ ಬರೆದೆ. ಆದರೆ ಆ ಮಗು ಠಾಣೆಗೆ ಹೋದ ಮೇಲೆ ಏನಾಗುತ್ತದೆ, ಮಕ್ಕಳ ಕಲ್ಯಾಣ ಸಮಿತಿ ಏನು ಮಾಡುತ್ತದೆ, ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಅನ್ನೋದು ನಿಜವಾಗಿ ಹೇಗೆ ನಡೆಯುತ್ತದೆ, ಇದನ್ನು ಕಣ್ಣಾರೆ ಕಾಣದೆ ನಿಯಮ ಬರೆಯೋಕೆ ಕೂರಬೇಡಿ.

ಇನ್ನೊಂದು ಮಾತು. ಕಂಪನಿ ಕಡೆ ಇದ್ದರೆ ಒಂದಲ್ಲ ಒಂದು ದಿನ ಮಕ್ಕಳಿಗೆ ಒಳ್ಳೆಯದಾಗುವ ನಿಯಮವನ್ನೇ ಬೇಡ ಅಂತ ಬರೆಯಿರಿ ಅಂತಾರೆ. ಅವತ್ತು ಏನು ಮಾಡ್ತೀರಿ ಅಂತ ಈಗಲೇ ಯೋಚಿಸಿ.

ಚಿಂತಾಮಣಿ ಹುಡುಗ

ಅಕ್ಕ ಹೇಳಿದ್ದು ನಿಜ. ನನಗೆ ಎರಡು ಸಲ ಹಾಗಾಗಿದೆ. ಒಂದು ಸಲ ಒಳಗೇ ಜಗಳ ಮಾಡಿ ನಿಲ್ಲಿಸಿದೆ, ಇನ್ನೊಂದು ಸಲ ಆಗಲಿಲ್ಲ.

ಗುಬ್ಬಿಯವಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಊರಿಗೆ ಹೋದಾಗ ಒಟಿಪಿ ವಿಷಯ ಅಪ್ಪನಿಗೆ ಓದಿ ಹೇಳಿದೆ. ಅವರು ಏನೂ ಮಾತಾಡದೆ ತಮ್ಮ ಫೋನ್ ನನ್ನ ಕೈಗೆ ಕೊಟ್ಟರು. ಅವರ ನಂಬರಿನಲ್ಲಿ ಮೂರು ಅಕೌಂಟ್ ಇದ್ದವು, ಮೂರೂ ಆರನೇ ಕ್ಲಾಸು ಓದುವ ನಮ್ಮಣ್ಣನ ಮಗನದ್ದು. ಹುಟ್ಟಿದ ವರ್ಷ ಅಂತ ಅಪ್ಪಂದೇ ಹಾಕಿಕೊಂಡಿದ್ದಾನೆ, 1962. ಇದರ ಮೇಲೆ ಎರಡು ಪುಟ ಬರೆಯೋಕೆ ಶುರು ಮಾಡಿದ್ದೇನೆ. ಮುಗಿದ ಮೇಲೆ ಕಳಿಸಲಾ ಅಣ್ಣ, ನೋಡಿ ಹೇಳ್ತೀರಾ? ಅಕ್ಕ, ಮುಂದಿನ ಮಕ್ಕಳ ಗ್ರಾಮ ಸಭೆ ಯಾವಾಗ ಅಂತ ಗೊತ್ತಾದರೆ ಒಂದು ಮಾತು ತಿಳಿಸಿ, ರಜಾ ಹಾಕಿ ಬರ್ತೀನಿ.