ದೀಪಾವಳಿ ಬಾಕ್ಸಿಗೆ ಹಾಕಿದ ಮೇಲೆ ಚಾಕೊಲೇಟ್ ಬೆಳ್ಳಗಾಗುತ್ತಿದೆ, ಯಾರಾದರೂ ಹೇಳಿ

ತೋಟದಮನೆ_ಸಾಗರ:
ತಲೆ ಕೆಟ್ಟು ಹೋಗಿದೆ. ಬೆಂಗಳೂರಿನ ಒಂದು ಆಫೀಸಿಂದ 60 ಗಿಫ್ಟ್ ಬಾಕ್ಸ್ ಆರ್ಡರ್ ಇದೆ. ನಮ್ಮದೇ ತೋಟದ ಕೊಕ್ಕೊ, 70% ಡಾರ್ಕ್, ಬಾಕ್ಸಿಗೆ 12 ತುಂಡು. ಅಚ್ಚಿನಿಂದ ಬಿಡಿಸಿದಾಗ ಕನ್ನಡಿ ಹಾಗೆ ಹೊಳೆಯುತ್ತದೆ. ಬಾಕ್ಸಿಗೆ ಹಾಕಿ ಮೂರನೇ ದಿನ ತೆಗೆದರೆ ವಿಭೂತಿ ಬಳಿದ ಹಾಗಿದೆ. ಜೊತೆಗೆ ಏನೋ ಒಂದು ವಾಸನೆ. ಬಾಕ್ಸ್ ಮಾತ್ರ ಚೆನ್ನಾಗಿ ಬಂದಿದೆ. ಸ್ಲೀವ್ ಮೇಲೆ ಕೆಮ್ಮಣ್ಣಿನ ಬಣ್ಣ, ಬಿಳಿ ಗೆರೆಯ ಹಸೆ ಚಿತ್ತಾರ, ನಮ್ಮ ಮಲೆನಾಡಿನ ಗೋಡೆ ಚಿತ್ರ. ಫೋಟೊ ಹಾಕಿದ್ದೇನೆ. ನೋಡಿದವರೆಲ್ಲ ಬಾಕ್ಸನ್ನೇ ಹೊಗಳುತ್ತಾರೆ, ಒಳಗಿರೋದನ್ನು ತೋರಿಸೋಕೆ ನನಗೆ ನಾಚಿಕೆ.

ಟೆಂಪರ್_ಮಾಮ:
ಟೆಂಪರಿಂಗ್ ತಪ್ಪಿದೆ, ಅಂದರೆ ಹೊಳಪು ಬರೋಕೆ ಕರಗಿಸಿ ತಣಿಸೋ ಹದ, ಬೇರೇನೂ ಅಲ್ಲ. 45ರಿಂದ 50 ಡಿಗ್ರಿಗೆ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ತನ್ನಿ. ಥರ್ಮಾಮೀಟರ್ ಯಾವುದು?

ತೋಟದಮನೆ_ಸಾಗರ:
ಅದನ್ನೇ ಮಾಡಿದ್ದು ಸರ್. ಕಡ್ಡಿ ಥರ್ಮಾಮೀಟರ್ ಇದೆ. ಮುರಿದರೆ ಟಕ್ ಅನ್ನುತ್ತದೆ. ನಾಲ್ಕು ತುಂಡು ಸ್ಟೀಲ್ ಡಬ್ಬಿಯಲ್ಲಿ ಶೆಲ್ಫಿನ ಮೇಲೆ ಇಟ್ಟಿದ್ದೆ, ಅದಕ್ಕೆ ಏನೂ ಆಗಿಲ್ಲ.

ಟೆಂಪರ್_ಮಾಮ:
ಥರ್ಮಾಮೀಟರನ್ನು ಐಸ್ ನೀರಲ್ಲಿ ಅದ್ದಿ ನೋಡಿ, ಸೊನ್ನೆ ತೋರಿಸಬೇಕು. ನನ್ನದು ಎರಡು ಡಿಗ್ರಿ ಜಾಸ್ತಿ ತೋರಿಸುತ್ತಿತ್ತು. ಗೊತ್ತಾಗೋಕೆ ಆರು ತಿಂಗಳು ಬೇಕಾಯ್ತು.

ಪುತ್ತೂರಕ್ಕ:
ಡಬ್ಬಿಯದ್ದು ಸರಿ ಇದೆ ಅಂತ ಅವರೇ ಹೇಳಿದರಲ್ಲ ಮಾರಾಯ್ರೆ, ಮತ್ತೆ ಥರ್ಮಾಮೀಟರ್ ಯಾಕೆ? ತಮ್ಮಾ, ಬಿಳಿ ಜಾಗವನ್ನು ಬೆರಳಲ್ಲಿ ಮೆಲ್ಲಗೆ ಉಜ್ಜು. ಬೆರಳಿನ ಬಿಸಿಗೆ ಕರಗಿ ಮತ್ತೆ ಹೊಳಪು ಬಂದರೆ ಅದು ಕೊಕ್ಕೊ ಬೆಣ್ಣೆ. ಹೋಗದೆ ದೊರಗಾಗಿ ಸಿಕ್ಕಿದರೆ ಸಕ್ಕರೆ.

ತೋಟದಮನೆ_ಸಾಗರ:
ಉಜ್ಜಿದೆ ಅಕ್ಕಾ. ಹೋಗಲಿಲ್ಲ. ಸಣ್ಣ ಮರಳು ಮುಟ್ಟಿದ ಹಾಗಿದೆ.

ಪುತ್ತೂರಕ್ಕ:
ಹಾಗಾದರೆ ಎಲ್ಲಿಂದಲೋ ನೀರು ಬಂದಿದೆ. ಮೇಲಿನ ಸಕ್ಕರೆ ನೀರಲ್ಲಿ ಕರಗುತ್ತದೆ, ಆರಿದ ಮೇಲೆ ಬಿಳಿ ಹರಳಾಗಿ ಕೂರುತ್ತದೆ. ಫ್ರಿಜ್ಜಿನಲ್ಲಿ ಇಟ್ಟಿದ್ದೆಯಾ?

ತೋಟದಮನೆ_ಸಾಗರ:
ಹೌದು, ಬೆಂಗಳೂರು ಮುಟ್ಟೋ ತನಕ ಕರಗಬಾರದು ಅಂತ. ಎಲ್ಲರೂ ಫ್ರಿಜ್ಜಲ್ಲೇ ಇಡೋದು ಅಂದುಕೊಂಡು ಬರೆಯಲಿಲ್ಲ. ಹೊರಗೆ ತೆಗೆದ ತಕ್ಷಣ ಬಾಕ್ಸಿಗೆ ತುಂಬಿ, ಮೇಲೆ ಪ್ಲಾಸ್ಟಿಕ್ ಫಿಲ್ಮ್ ಸುತ್ತುತ್ತೇನೆ.

ನಿಯಮ_ನಾಗಣ್ಣ:
ಒಂದು ನಿಮಿಷ. ಸ್ವೀಟ್ ಬಾಕ್ಸಿಗೆ ಫಿಲ್ಮ್ ಸುತ್ತೋದು 2022ರ ಜುಲೈ 1ರಿಂದ ನಿಷೇಧ. ಮತ್ತೆ ಫೋಟೊದಲ್ಲಿ ಸಸ್ಯಾಹಾರದ ಹಸಿರು ಚುಕ್ಕೆ ಎಲ್ಲಿ? 14 ಅಂಕಿಯ ಎಫ್‌ಎಸ್‌ಎಸ್‌ಎಐ (ಆಹಾರ ಲೈಸೆನ್ಸ್) ನಂಬರ್ ಎಲ್ಲಿ?

ತೋಟದಮನೆ_ಸಾಗರ:
ಅದೆಲ್ಲ ಬಾಕ್ಸಿನ ತಳದಲ್ಲಿದೆ ಸರ್. ಮತ್ತೆ ಇದು ಸ್ವೀಟ್ ಬಾಕ್ಸ್ ಅಲ್ಲ, ಚಾಕೊಲೇಟ್ ಬಾಕ್ಸ್.

ನಿಯಮ_ನಾಗಣ್ಣ:
ಚಾಕೊಲೇಟ್ ಏನು ಖಾರವಾ?

ಗ್ರೈಂಡರ್_ಗಿರಿ:
ಸ್ಲೀವ್ ಸೂಪರ್. ಕಂದು ಕ್ರಾಫ್ಟ್ ಪೇಪರ್ ಮೇಲೆ ಬಿಳಿ ಹೇಗೆ ಪ್ರಿಂಟ್ ಮಾಡಿಸಿದಿರಿ? ನಮ್ಮ ಪ್ರೆಸ್ಸಿನವನು ಬಿಳಿ ಇಂಕೇ ಇಲ್ಲ, ಬೇಕಾದರೆ ಸ್ಕ್ರೀನ್ ಪ್ರಿಂಟ್ ಮಾಡಿಸಿ ಅಂದ. ನಾನು ಹೋದ ವರ್ಷ ಮ್ಯಾಗ್ನೆಟ್ ಮುಚ್ಚಳದ ಬಾಕ್ಸ್ ಮಾಡಿಸಿದ್ದೆ, ಒಳಗೆ ವೆಲ್ವೆಟ್. ಕೊಕ್ಕೊ ಅರೆಯೋಕೆ ಹಳೇ ದೋಸೆ ಗ್ರೈಂಡರಿಗೆ ಬೇರೆ ಮೋಟಾರು, ಎರಡು ಫ್ಯಾನ್ ಕೂರಿಸಿದ್ದೇನೆ. 48 ಗಂಟೆ ನಿಲ್ಲದೆ ತಿರುಗುತ್ತದೆ. ಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ.

ತೋಟದಮನೆ_ಸಾಗರ:
ಅದು ಬಿಳಿ ಇಂಕ್ ಅಲ್ಲ. ಬಿಳಿ ಬೋರ್ಡಿಗೆ ಕೆಂಪನ್ನೇ ಪ್ರಿಂಟ್ ಮಾಡಿ, ಚಿತ್ತಾರದ ಗೆರೆಯನ್ನು ಖಾಲಿ ಬಿಟ್ಟಿದ್ದು.

ಟೆಂಪರ್_ಮಾಮ:
ವೆಲ್ವೆಟ್ಟಿನ ನೂಲು ಚಾಕೊಲೇಟಿಗೆ ಅಂಟುವುದಿಲ್ಲವಾ? ಅದಿರಲಿ, ಐಸ್ ನೀರು ಏನಾಯ್ತು?

ಪುತ್ತೂರಕ್ಕ:
ಫೋಟೊ ಈಗ ದೊಡ್ಡದು ಮಾಡಿ ನೋಡಿದೆ. ಒಳಗಿನ ಟ್ರೇ ಅಡಿಕೆ ಹಾಳೆಯದ್ದಾ?

ತೋಟದಮನೆ_ಸಾಗರ:
ಹೌದಕ್ಕಾ, ಮತ್ತಿನ್ಯಾವುದು? ಊರಲ್ಲೇ ಮಾಡಿಸಿದ್ದು.

ಪುತ್ತೂರಕ್ಕ:
ಇದನ್ನು ಮೊದಲೇ ಹೇಳಬಾರದಾ! ಹಾಳೆಯನ್ನು ನೀರಲ್ಲಿ ನೆನೆಸಿಯೇ ಬಿಸಿ ಅಚ್ಚಿಗೆ ಹಾಕುವುದು. ದಪ್ಪ ಭಾಗದಲ್ಲಿ ಹಸಿ ಉಳಿದಿರುತ್ತದೆ. ಮಳೆಗಾಲದಲ್ಲಿ ಊಟದ ತಟ್ಟೆಗೇ ಬೂಸ್ಟು ಬರುವುದಿಲ್ಲವಾ? ಚಾಕೊಲೇಟ್ ಅಂತೂ ಪಕ್ಕದಲ್ಲಿದ್ದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಒಂದು ಟ್ರೇ ತೂಕ ಮಾಡು, ಎರಡು ದಿನ ಬಿಸಿಲಿಗಿಡು, ಮತ್ತೆ ತೂಕ ಮಾಡು. ಆಮೇಲೆ ಟ್ರೇಯಲ್ಲಿ ನಾಲ್ಕು ತುಂಡು ಫ್ರಿಜ್ಜಿಗೆ, ನಾಲ್ಕು ಹೊರಗೆ.

ತೋಟದಮನೆ_ಸಾಗರ:
ಐದು ದಿನ ಬಿಟ್ಟು ಬರೆಯುತ್ತಿದ್ದೇನೆ. ಟ್ರೇ 23 ಗ್ರಾಂ ಇದ್ದದ್ದು 20ಕ್ಕೆ ಇಳಿಯಿತು! ಒಣಗಿಸದ ಟ್ರೇಯಲ್ಲಿ ಹೊರಗಿಟ್ಟದ್ದಕ್ಕೆ ಬಿಳಿ ಇಲ್ಲ, ಆದರೆ ಒದ್ದೆ ಹುಲ್ಲಿನ ವಾಸನೆ. ಅದೇ ಟ್ರೇ ಫ್ರಿಜ್ಜಿಗೆ ಹೋಗಿ ಬಂದರೆ ಎರಡೂ ಇದೆ. ಒಣಗಿಸಿದ ಟ್ರೇಯಲ್ಲೂ ಮೂಗಿಗೆ ಹಿಡಿದರೆ ಸ್ವಲ್ಪ ಬರುತ್ತದೆ. ಐಸ್ ನೀರಲ್ಲಿ ಸೊನ್ನೆ ಬಂತು ಸರ್.

ಟೆಂಪರ್_ಮಾಮ:
ಸೊನ್ನೆಯಲ್ಲಿ ಸರಿ ಇದ್ದರೆ 31ರಲ್ಲೂ ಸರಿ ಇರಬೇಕು ಅಂತೇನಿಲ್ಲ.

ಪುತ್ತೂರಕ್ಕ:
ಬಿಳಿ ಬಂದದ್ದು ಫ್ರಿಜ್ಜಿಂದ, ವಾಸನೆ ಹಾಳೆಯಿಂದ. ತಣ್ಣಗಿನ ತುಂಡಿಗೆ ಹೊರಗಿನ ಹಸಿ ಗಾಳಿ ತಾಗಿದರೆ ನೀರು ಕೂರುತ್ತದೆ. ಫ್ರಿಜ್ ಬೇಕೇ ಬೇಕು ಅಂದರೆ ಗಾಳಿಯಾಡದ ಡಬ್ಬಿಯಲ್ಲಿಡು. ಹೊರಗೆ ತೆಗೆದ ಮೇಲೆ ಡಬ್ಬಿಯ ತಣ್ಪು ಪೂರ್ತಿ ಹೋಗುವ ತನಕ ಮುಚ್ಚಳ ಮುಟ್ಟಬೇಡ. ರಾತ್ರಿ ತೆಗೆದಿಟ್ಟು ಬೆಳಿಗ್ಗೆ ಪ್ಯಾಕ್ ಮಾಡು. ಟ್ರೇಗೆ ಬಟರ್ ಪೇಪರ್ ಹಾಸಿದರೆ ಅದು ವಾಸನೆಯನ್ನು ತಡೆಯುವುದಿಲ್ಲ, ಒಂದೊಂದು ತುಂಡಿಗೂ ಫಾಯಿಲ್ ಸುತ್ತು.

ತೋಟದಮನೆ_ಸಾಗರ:
ಫಾಯಿಲ್ ಸುತ್ತಿದರೆ ಅಂದ ಹೋಗುತ್ತಲ್ಲ ಅಕ್ಕಾ. ಹಾಳೆಯ ತಿಳಿ ಬಣ್ಣದ ಮೇಲೆ ಕಪ್ಪು ತುಂಡು ಕೂತಿರೋದನ್ನು ನೋಡಿಯೇ ಅವರು ಆರ್ಡರ್ ಕೊಟ್ಟಿದ್ದು.

ಪುತ್ತೂರಕ್ಕ:
ಅಂದ ನೋಡಿ ತೆಗೆದುಕೊಂಡವರು ಬಾಯಿಗೆ ಹಾಕಿದ ಮೇಲೆ ನಿನಗೇ ಫೋನ್ ಮಾಡುವುದು. ಚಿನ್ನದ ಫಾಯಿಲ್ ಬೇಡ, ಮದುವೆ ಪೇಡದ ಹಾಗೆ ಕಾಣುತ್ತದೆ. ಹೊಳಪಿಲ್ಲದ ತಾಮ್ರದ ಬಣ್ಣ ಸಿಗುತ್ತದೆ, ಅದರ ಮೇಲೆ ಸಣ್ಣ ಚಿತ್ತಾರದ ಪಟ್ಟಿ ಸುತ್ತು. ನಮ್ಮ ಪುತ್ತೂರಿನಲ್ಲಿ ಅಡಿಕೆ, ಕೊಕ್ಕೊ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಫ್ಯಾಕ್ಟರಿ 1986ರಿಂದ ಇದೆ. ಬಿಡಿ ತುಂಡನ್ನು ಬರೀ ಹಾಳೆಯಲ್ಲಿಟ್ಟು ಮಾರಿದ್ದು ನಾನಂತೂ ನೋಡಿಲ್ಲ.

ತೋಟದಮನೆ_ಸಾಗರ:
ಸರಿ. ತಾಮ್ರದ ಫಾಯಿಲ್ ಶಿವಮೊಗ್ಗದಲ್ಲಿ ಸಿಕ್ಕಿತು. ಫಿಲ್ಮ್ ಬಿಟ್ಟೆ, ನೂಲಿನ ದಾರ ಕಟ್ಟುತ್ತಿದ್ದೇನೆ. 720 ತುಂಡು, ನಾನು, ಅಮ್ಮ, ತಂಗಿ. ನಾಡಿದ್ದು ರಾತ್ರಿ ಬಸ್ಸಿಗೆ ಹಾಕಬೇಕು. ಇಲ್ಲಿ ಇನ್ನೂ ಮಳೆ.

ಗ್ರೈಂಡರ್_ಗಿರಿ:
ಹಾಳೆ ಟ್ರೇ ಯಾರ ಹತ್ತಿರ ಮಾಡಿಸಿದ್ದು? ಒಂದಕ್ಕೆ ಎಷ್ಟು ಬಿತ್ತು?